ಹುಟ್ಟಿದಾಗ ಆರು ಸಲ ಮನೆಗೆ ಬರುತ್ತೀರಿ, ಸಾಯುವವರ ಮನೆಗೂ ಬನ್ನಿ

ಕಲಬುರಗಿ ಜಿಲ್ಲಾಡಳಿತಕ್ಕೆ, ಆರೋಗ್ಯ ಇಲಾಖೆಗೆ ಮತ್ತು ಸೈನಿಕ ಕಲ್ಯಾಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ದುಡ್ಡು ಕೇಳೋಕೆ ಬರೆದದ್ದಲ್ಲ.

ನಮ್ಮ ಮಾವನವರು ಮಾಜಿ ಸೈನಿಕರು. ಬೆಳಗಾವಿಯ ಮರಾಠಾ ಸೆಂಟರ್‌ನಲ್ಲಿ ಟ್ರೇನಿಂಗ್ ಮುಗಿಸಿ, ಹವಾಲ್ದಾರ್ ಆಗಿ ರಿಟೈರ್ ಆದವರು. ಆಮೇಲೆ ಬ್ಯಾಂಕೊಂದರಲ್ಲಿ ಗಾರ್ಡ್ ಕೆಲಸ ಮಾಡಿದರು. ಊರಲ್ಲಿ ಸ್ವಲ್ಪ ಹೊಲ ಇದೆ, ತೊಗರಿ ಬೆಳೆಯುತ್ತೇವೆ. ಪಿಂಚಣಿ ಬರುತ್ತದೆ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ. ರೆಫರಲ್ ಚೀಟಿ ಇದ್ದರೆ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಕೈಯಿಂದ ದುಡ್ಡು ಹಾಕದೆ ಚಿಕಿತ್ಸೆ ಆಗುತ್ತದೆ. ಇದೇ ಕಾಯಿಲೆ ಕೂಲಿ ಮಾಡುವ ಮನೆಗೆ ಬಂದರೆ ಏನಾಗುತ್ತದೆ ಅಂತ ನನಗೆ ಗೊತ್ತು. ನಾನು ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ, ಅಂಥ ಮನೆಗಳನ್ನು ದಿನಾ ನೋಡುತ್ತೇನೆ. ಅವರ ಮುಂದೆ ನಾವು ಅದೃಷ್ಟವಂತರು. ಸರ್ಕಾರ ಔಷಧದ ಖರ್ಚು ಹೊತ್ತಿದೆ, ಅದನ್ನು ನಾವು ಮರೆತಿಲ್ಲ.

ಆದರೂ ನಮ್ಮ ಮನೆ ಒಳಗೊಳಗೇ ಕುಸಿಯುತ್ತಿದೆ. ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾವನವರಿಗಿರೋದು ಮಲ್ಟಿಪಲ್ ಮೈಲೋಮಾ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಒಂದು ಥರದ ರಕ್ತದ ಕ್ಯಾನ್ಸರ್. ಮೂಳೆ ಒಳಗಿಂದ ಟೊಳ್ಳಾಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬಹಳ ಸಲ ಇದು ಶುರುವಾಗೋದೇ ಬೆನ್ನುನೋವಿನಿಂದ. ಫೌಜಿನಲ್ಲಿ ಭಾರ ಹೊತ್ತ ಬೆನ್ನು, ನೋಯದೆ ಇರುತ್ತದಾ ಅಂತ ಊರೆಲ್ಲ ಹೇಳಿತು. ಅವರೂ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ನುಂಗುತ್ತಾ ಹೊಲಕ್ಕೆ ಹೋದರು. ಅಂಥ ಎಷ್ಟೋ ಗುಳಿಗೆಗಳು ಈ ಕಾಯಿಲೆಯಲ್ಲಿ ಕಿಡ್ನಿಯನ್ನು ಇನ್ನೂ ಕೆಡಿಸುತ್ತವೆ. (ಇದನ್ನು ಓದುವವರ ಮನೆಯಲ್ಲಿ ವಯಸ್ಸಾದವರಿಗೆ ವಾರಗಟ್ಟಲೆ ಬೆನ್ನುನೋವು ಇದ್ದು, ಜೊತೆಗೆ ಸುಸ್ತೂ ಇದ್ದರೆ, ಗುಳಿಗೆ ಕೊಟ್ಟು ಸುಮ್ನೆ ಕೂರಬೇಡಿ. ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ.)

ಇದು ಪೂರ್ತಿ ಗುಣ ಆಗುವ ಕಾಯಿಲೆ ಅಲ್ಲ. ಆದರೆ ಎಷ್ಟೋ ಜನರಲ್ಲಿ ಔಷಧದಿಂದ ವರ್ಷಗಟ್ಟಲೆ ಹಿಡಿದಿಡಬಹುದು. ಕೇಳೋಕೆ ಸಮಾಧಾನದ ಮಾತು, ಅಲ್ವಾ? ಬದುಕಿ ನೋಡಿದವರಿಗೆ ಗೊತ್ತು. ರಿಪೋರ್ಟ್ ಚೆನ್ನಾಗಿ ಬಂದ ತಿಂಗಳು ಮನೆಯಲ್ಲಿ ಹೋಳಿಗೆ ಮಾಡುತ್ತೇವೆ. ಮುಂದಿನ ರಿಪೋರ್ಟಿನಲ್ಲಿ ಅಂಕಿ ಏರಿದರೆ ಯಾರಿಗೂ ಊಟ ಸೇರುವುದಿಲ್ಲ. ಹೀಗೆ ಏರುತ್ತಾ ಇಳಿಯುತ್ತಾ ಎಷ್ಟು ದಿನ ಅಂತ ಕೇಳುವ ಹಾಗೂ ಇಲ್ಲ. ಕೇಳಿದರೆ, ಯಾವಾಗ ಮುಗಿಯುತ್ತದೆ ಅಂತ ಕೇಳಿದ ಹಾಗಾಗುತ್ತದೆ.

ಒಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ. ಅದು ಅರ್ಥವಾದರೆ ಉಳಿದದ್ದೆಲ್ಲ ನಿಮಗೇ ಅರ್ಥವಾಗುತ್ತದೆ.

ಮಾವನವರಿಗೆ ವಾರಕ್ಕೊಮ್ಮೆ ಹೊಟ್ಟೆಯ ಚರ್ಮದ ಕೆಳಗೆ ಬೋರ್ಟೆಝೊಮಿಬ್ ಇಂಜೆಕ್ಷನ್ ಹಾಕುತ್ತಾರೆ. ಅದೇ ದಿನ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಗುಳಿಗೆ. ಒಂದೆರಡಲ್ಲ, ಅಂಗೈ ತುಂಬ. ಆ ರಾತ್ರಿ ಅವರು ಮಲಗುವುದಿಲ್ಲ. ಎರಡು ಗಂಟೆಗೆ ಎದ್ದು ಪಡಸಾಲೆಯಲ್ಲಿರುವ ತೊಗರಿ ಚೀಲ ಎಣಿಸುತ್ತಾರೆ. ಒಂದು ಕಡಿಮೆ ಅದ ಅನ್ನುತ್ತಾರೆ, ಮತ್ತೆ ಎಣಿಸುತ್ತಾರೆ. ಚಹಾ ಬೇಕು ಅನ್ನುತ್ತಾರೆ. ಕೊಟ್ಟರೆ ಆರಿದೆ ಅಂತ ಲೋಟ ತಳ್ಳುತ್ತಾರೆ. "ಈ ಮನ್ಯಾಗ ಒಂದ್ ಕೆಲ್ಸ ನೆಟ್ಟಗ ಆಗಂಗಿಲ್ಲ" ಅಂತ ಅತ್ತೆಯ ಮೇಲೆ ಕೂಗುತ್ತಾರೆ. ಮದುವೆಯಾದಾಗಿನಿಂದ ಅತ್ತೆಗೆ ಏರುದನಿಯಲ್ಲಿ ಮಾತಾಡದ ಮನುಷ್ಯ ಅವರು. ಎರಡು ದಿನ ಹೀಗೆ. ಆಮೇಲೆ ಗಾಳಿ ಬಿಟ್ಟಂತೆ ಇಳಿದುಹೋಗುತ್ತಾರೆ. ಗೋಡೆ ಕಡೆ ತಿರುಗಿ ಮಲಗುತ್ತಾರೆ. ಒಮ್ಮೊಮ್ಮೆ ಅಳುತ್ತಾರೆ.

ಅತ್ತೆ ಇದನ್ನು ಹೇಗೆ ತೆಗೆದುಕೊಂಡರು ಗೊತ್ತಾ? "ಅವರ ಮನಸ್ಸು ನನ್ನ ಮ್ಯಾಲಿಂದ ಹೋಗ್ಯಾದ" ಅಂತ. ನಾನು ಏನೋ ತಪ್ಪು ಮಾಡೀನಿ, ಸಾಯೋ ಮುಂದ ಅದನ್ನ ತೋರಸ್ಲಿಕತ್ತಾರ ಅಂತ. ಯಾರ ಹತ್ತಿರವೂ ಹೇಳಲಿಲ್ಲ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದರು.

ತಿಂಗಳುಗಳಾದ ಮೇಲೆ, ದೂರದ ಆಸ್ಪತ್ರೆಯಲ್ಲಿ ನಮ್ಮ ಕಡೆಯ ನರ್ಸ್ ಒಬ್ಬಳು ಸೂಜಿ ಹಾಕುತ್ತಾ ಮಾತಿಗೆ ಮಾತು ಬಂದು ಹೇಳಿದಳು. "ಇದು ಅಜ್ಜ ಮಾಡೋದಲ್ರೀ ಅಮ್ಮಾ, ಗುಳಿಗಿ ಮಾಡಸ್ತದ. ಮುಂಜಾನೆ ನಾಷ್ಟಾ ಆದ್ಮ್ಯಾಲ ಕೊಡ್ರಿ, ರಾತ್ರಿ ಸ್ವಲ್ಪ ನಿದ್ದಿ ಬರ್ತದ." ಅಷ್ಟೇ. ಅತ್ತೆ ಅಲ್ಲೇ ವರಾಂಡದ ಬೆಂಚಿನ ಮೇಲೆ ಕೂತುಬಿಟ್ಟರು. ಆ ಮಾತು ಮೊದಲ ವಾರವೇ ಕಿವಿಗೆ ಬಿದ್ದಿದ್ದರೆ, ಅಷ್ಟು ರಾತ್ರಿಗಳ ನೋವು ಇರುತ್ತಿರಲಿಲ್ಲ. ಸ್ಟೀರಾಯ್ಡ್ ನಿದ್ದೆ ಕೆಡಿಸುತ್ತದೆ, ಸಿಟ್ಟು ತರುತ್ತದೆ, ಇಳಿಯುವಾಗ ಮನಸ್ಸನ್ನು ಕುಗ್ಗಿಸುತ್ತದೆ ಅನ್ನೋದು ವೈದ್ಯರಿಗೆ ಹೊಸ ವಿಷಯ ಅಲ್ಲ. ಅವರು ಕೆಟ್ಟವರೂ ಅಲ್ಲ. ಓಪಿಡಿ ಹೊರಗೆ ಸಾಲು ಎಷ್ಟುದ್ದ ಇರುತ್ತದೆ ಅಂತ ನಾನೇ ನೋಡಿದ್ದೇನೆ. ಆದರೆ ಮನೆಯವರಿಗೆ ಹೇಳುವುದು ಯಾರ ಕೆಲಸ? ಯಾರ ಕೆಲಸವೂ ಅಲ್ಲ. ಈ ಪತ್ರದ ಮುಖ್ಯ ದೂರು ಅದೇ.

ಇನ್ನೊಂದು, ಸುಳ್ಳಿನ ಭಾರ.

ಕಾಯಿಲೆ ಗೊತ್ತಾದ ದಿನ ವೈದ್ಯರು ನಮ್ಮ ಮನೆಯವರನ್ನು ಹೊರಗೆ ಕರೆದು ವಿಷಯ ಹೇಳಿದರು. ಒಳಗೆ ಬಂದು ಮಾವನವರಿಗೆ "ಮೂಳೆ ಸವೆದಿದೆ ಅಜ್ಜಾ, ಸೂಜಿ ಹಾಕ್ತೀವಿ" ಅಂದರು. ಹಿರಿಯರೆಲ್ಲ ಸೇರಿ ಅದೇ ಸರಿ ಅಂದರು. ಅವತ್ತಿಂದ ಮನೆಯವರೆಲ್ಲರಿಗೂ ಒಂದು ಹೊಸ ಡ್ಯೂಟಿ. ಫೈಲ್ ಜೋಳದ ಡಬ್ಬಿಯ ಹಿಂದೆ. ಫೋನ್ ಬಂದರೆ ಅಂಗಳಕ್ಕೆ ಓಡುವುದು. ಬಸ್ ಕಂಡಕ್ಟರ್ ಆಗಿರುವ ನಮ್ಮ ಮನೆಯವರು ನೈಟ್ ಡ್ಯೂಟಿ ಮುಗಿಸಿ ಬಂದು, ಮುಖ ತೊಳೆಯುವ ಮೊದಲೇ ಅವರಪ್ಪನ ಮುಂದೆ ನಗುಮುಖ ಮಾಡಿಕೊಂಡು ನಿಲ್ಲಬೇಕು. ಎರಡನೇ ಕ್ಲಾಸಿನ ಮಗನಿಗೂ ಹೇಳಿಕೊಡಬೇಕಾಯಿತು, ಮುತ್ಯಾನ ಮುಂದೆ ಇದನ್ನು ಆಡಬೇಡ ಅಂತ. ಹಗಲೆಲ್ಲ ಮೈ ದಣಿಯುತ್ತದೆ, ಅದಾದರೂ ಮಲಗಿದರೆ ಇಳಿಯುತ್ತದೆ. ಈ ನಾಟಕದ ದಣಿವು ಇಳಿಯುವುದಿಲ್ಲ.

ಈ ನಡುವೆ ಕಾಗದ ಪತ್ರದ ಚಿಂತೆ. ಸೇನೆಯ ದಾಖಲೆಯಲ್ಲಿ ಅತ್ತೆಯ ಹೆಸರಿನ ಕೊನೆಗೆ "ಬಾಯಿ" ಇದೆ, ಆಧಾರ್‌ನಲ್ಲಿ "ಅಮ್ಮ" ಇದೆ. ಹುಟ್ಟಿದ ದಿನವೂ ಹೊಂದುವುದಿಲ್ಲ. ಆಗಿನ ಕಾಲದಲ್ಲಿ ಕ್ಲರ್ಕ್ ಕೇಳಿದ, ಇವರು ಬಾಯಲ್ಲಿ ಹೇಳಿದರು, ಅವನು ಬರೆದುಕೊಂಡ. ನಮ್ಮ ಭಾಗದ ಎಷ್ಟೋ ಸೈನಿಕರ ಮನೆಯಲ್ಲಿ ಇದೇ ಕಥೆ. ಮಾವನವರು ಇರುವಾಗಲೇ ಅವರ ಸಹಿಯಿಂದ ರೆಕಾರ್ಡ್ ಆಫೀಸಿಗೆ ಅರ್ಜಿ ಹೋದರೆ ಕೆಲಸ ಸಲೀಸು. ಇಲ್ಲದಿದ್ದರೆ ಫ್ಯಾಮಿಲಿ ಪಿಂಚಣಿಗೆ ಅತ್ತೆ ಅಫಿಡವಿಟ್ ಹಿಡಿದು ಓಡಾಡಬೇಕು. ಇಸಿಎಚ್‌ಎಸ್ ಮುಂದುವರಿಯುವುದೂ ಅದಕ್ಕೇ ಅಂಟಿಕೊಂಡಿದೆ. ಆದರೆ "ಮೂಳೆ ಸವೆತ" ಅಂತ ನಂಬಿಸಿಟ್ಟ ಮನುಷ್ಯನ ಮುಂದೆ ಆ ಫಾರ್ಮ್ ಇಟ್ಟು ಸಹಿ ಕೇಳುವುದು ಹೇಗೆ? ಗಂಡ ಹೋದ ಮೇಲೆ ಬರುವ ಪಿಂಚಣಿಗೆ ಗಂಡನ ಕೈಯಿಂದಲೇ ಸಹಿ ಹಾಕಿಸಿ ಅಂತ ಅತ್ತೆಗೆ ಹೇಳುವುದು ಹೇಗೆ? ತಿಂಗಳುಗಟ್ಟಲೆ ಆ ಫಾರ್ಮ್ ನನ್ನ ಅಂಗನವಾಡಿ ರಿಜಿಸ್ಟರ್ ಒಳಗೆ ಇತ್ತು.

ಒಂದು ದಿನ ಅವರೇ ಮುಗಿಸಿದರು. ಮಧ್ಯಾಹ್ನ ನನ್ನನ್ನು ಕರೆದು, "ಆ ಫೈಲ್ ತಗೊಂಡ್ ಬಾ ಅವ್ವಾ. ನಾ ಫೌಜಿ ಅದೀನಿ. ಆಂಕಾಲಜಿ ಅಂದ್ರ ಕ್ಯಾನ್ಸರ್ ವಿಭಾಗ ಅಂತ ಮಿಲಿಟ್ರಿ ದವಾಖಾನಿ ಬೋರ್ಡ್ ಮ್ಯಾಲ ಎಂದೋ ಓದೀನಿ" ಅಂದರು. ಎಷ್ಟು ದಿನದಿಂದ ಗೊತ್ತಿತ್ತು ಅಂದೆ. ಮೊದಲ ಸೂಜಿಯಿಂದ, ಅಂದರು. ನಾವು ಅವರಿಂದ ಮುಚ್ಚಿಡುತ್ತಿದ್ದೆವು, ಅವರು ಗೊತ್ತಿಲ್ಲದವರ ಹಾಗೆ ನಮಗೋಸ್ಕರ ನಟಿಸುತ್ತಿದ್ದರು. ಆಮೇಲೆ ಕಬ್ಬಿಣದ ಟ್ರಂಕ್ ತೆಗೆಸಿದರು. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪಿಪಿಓ, ಹಳೇ ಜಾಯಿಂಟ್ ಫೋಟೋ ಎಲ್ಲ ಹೊರಗೆ ಬಂತು. ಅರ್ಜಿಯನ್ನು ಹಿಂದಿಯಲ್ಲಿ ಅವರೇ ಹೇಳಿದರು, ನಾನು ಬರೆದೆ. ಆ ವಾರ ಮನೆಯಲ್ಲಿ ಎಲ್ಲರಿಗೂ ನಿದ್ದೆ ಬಂತು.

ಎಲ್ಲ ರೋಗಿಗಳಿಗೂ ಎಲ್ಲವನ್ನೂ ಹೇಳಲೇಬೇಕು ಅಂತ ನನ್ನ ವಾದ ಅಲ್ಲ. ಕೆಲವರಿಗೆ ಬೇಡ. ಆದರೆ ಯಾರಿಗೆ ಎಷ್ಟು ಬೇಕು ಅಂತ ಕೇಳುವುದು, ಹೇಳುವುದು, ಹೇಳಿದ ಮೇಲೆ ಪಕ್ಕದಲ್ಲಿ ಕೂರುವುದು, ಇದು ಕಲಿತು ಮಾಡುವ ಕೆಲಸ. ಕಲಿತವರಿದ್ದಾರೆ. ಕಂಡಕ್ಟರ್ ಮಗನಿಗೂ ಅಂಗನವಾಡಿ ಸೊಸೆಗೂ ಅದನ್ನು ವರಾಂಡದಲ್ಲಿ ಐದು ನಿಮಿಷದಲ್ಲಿ ವಹಿಸಿ ಕಳಿಸುವುದು ನ್ಯಾಯವಲ್ಲ.

ಸೈನಿಕರ ಮನೆಯಲ್ಲಿ ಇನ್ನೂ ಒಂದು ಪೇಚು ಇದೆ. ಅವರು ನೋವು ಹೇಳುವುದಿಲ್ಲ. ವೈದ್ಯರು ನೋವು ಎಷ್ಟಿದೆ ಅಂದರೆ "ಠೀಕ್ ಹೈ ಸಾಬ್" ಅನ್ನುತ್ತಾರೆ. ಚೀಟಿಯಲ್ಲಿ ನೋವಿಲ್ಲ ಅಂತ ದಾಖಲಾಗುತ್ತದೆ. ರಾತ್ರಿ ಮಗ್ಗಲು ಬದಲಿಸುವಾಗ ಹಲ್ಲು ಕಚ್ಚುವುದು, ಕಾಲು ಉರಿಯುತ್ತದೆ ಅಂತ ತಣ್ಣನೆ ಬಂಡೆಯ ಮೇಲೆ ಪಾದ ಊರುವುದು, ಇದೆಲ್ಲ ಕಂಡವರು ಅತ್ತೆ ಮಾತ್ರ. ಅವರನ್ನು ಯಾರೂ ಕೇಳುವುದಿಲ್ಲ. ಯೋಧನ ಹೆಂಡತಿ ಗಟ್ಟಿ ಇರಬೇಕು ಅಂತ ಎಲ್ಲರೂ ನಿರ್ಧರಿಸಿಬಿಟ್ಟಿದ್ದಾರೆ. 1999ರಲ್ಲಿ ಕಾರ್ಗಿಲ್ ನಡೆಯುವಾಗ ಅತ್ತೆ ಎಸ್‌ಟಿಡಿ ಬೂತಿನ ಕಟ್ಟೆಯ ಮೇಲೆ ಸಂಜೆಗಟ್ಟಲೆ ಕಾದವರು. ರಿಟೈರ್ ಆಗಿ ಬಂದ ದಿನ, ಇನ್ನು ಕಾಯೋದು ಮುಗೀತು ಅಂದುಕೊಂಡಿದ್ದರಂತೆ.

ಮಾತಾಡಿಸಲು ಬರುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈ ಕಾಯಿಲೆಯಲ್ಲಿ ಸೋಂಕು ಬೇಗ ಅಂಟುತ್ತದೆ, ಕೆಮ್ಮು ನೆಗಡಿ ಇದ್ದವರನ್ನು ಹತ್ತಿರ ಬಿಡುವಂತಿಲ್ಲ. ಬಾಗಿಲಲ್ಲಿ ತಡೆದರೆ ಸೊಸೆಗೆ ಸೊಕ್ಕು ಅನ್ನುತ್ತಾರೆ. ಅನ್ನಲಿ.

ಹೇಳೋಕೆ ಕಷ್ಟವಾದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಒಮ್ಮೊಮ್ಮೆ ಇದು ಬೇಗ ಮುಗಿಯಬಾರದಾ ಅನ್ನಿಸುತ್ತದೆ. ಅನ್ನಿಸಿದ ಕೂಡಲೇ ಮೈ ಜುಮ್ಮೆನ್ನುತ್ತದೆ, ಎದ್ದು ಹೋಗಿ ಅವರಿಗೆ ಗಂಜಿ ಕುಡಿಸುತ್ತೇನೆ. ಆಸ್ಪತ್ರೆಯ ವರಾಂಡದಲ್ಲಿ ಟಿಫಿನ್ ಬಾಕ್ಸ್ ಹಿಡಿದು ಕೂತ ಬೇರೆ ಹೆಂಗಸರೂ ಇದೇ ಹೇಳಿದ್ದಾರೆ, ದನಿ ತಗ್ಗಿಸಿ. ಅವರಲ್ಲಿ ಯಾರೂ ಕೆಟ್ಟವರಲ್ಲ. ನಿದ್ದೆ ಇಲ್ಲದವರು. ಅತ್ತೆ ತಮ್ಮ ಬಿಪಿ ಗುಳಿಗೆಯನ್ನೇ ಮರೆಯುತ್ತಾರೆ. ಸೊಸೆ ಇಸಿಎಚ್‌ಎಸ್ ಲೆಕ್ಕದಲ್ಲಿ ಅವಲಂಬಿತಳಲ್ಲ. ಅದು ಸರಿಯೇ ಇರಬಹುದು. ಆದರೆ ಆರೈಕೆ ಮಾಡುವ ಕೈ ಸೊಸೆಯದೇ.

ಈಗ ನನ್ನ ಕೆಲಸದಿಂದ ನನಗೆ ಗೊತ್ತಿರುವ ಒಂದು ವಿಷಯ. ನಮ್ಮೂರಲ್ಲಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಗು ಮನೆಗೆ ಬಂದರೆ ಆಶಾ ಕಾರ್ಯಕರ್ತೆ ಆರು ಸಲ ಆ ಮನೆಗೆ ಹೋಗಬೇಕು. 3ನೇ ದಿನ, 7ನೇ ದಿನ, 14, 21, 28, ಕೊನೆಗೆ 42ನೇ ದಿನ. ಮಗುವಿನ ತೂಕ, ತಾಯಿಯ ಊಟ, ಹಾಲು, ಜ್ವರ ಎಲ್ಲ ನೋಡಬೇಕು. ಕಾರ್ಡ್ ಇದೆ, ರಿಜಿಸ್ಟರ್ ಇದೆ, ಮೇಲಿನವರು ಬಂದು ಚೆಕ್ ಮಾಡುತ್ತಾರೆ. ಇದನ್ನು ಮಾಡಿ ತೋರಿಸಿದ ಸರ್ಕಾರ ನೀವೇ. ಅದೇ ಓಣಿಯಲ್ಲಿ ಒಬ್ಬರು ವರ್ಷದಿಂದ ಹಾಸಿಗೆ ಹಿಡಿದಿದ್ದರೆ, ಆ ಮನೆಯ ಕದ ತಟ್ಟುವ ಡ್ಯೂಟಿ ಯಾರ ರಿಜಿಸ್ಟರಿನಲ್ಲೂ ನನಗೆ ಕಂಡಿಲ್ಲ.

ಇದು ಆಗದ ಕೆಲಸ ಅಲ್ಲ. ದೊಡ್ಡ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಗೆ ಪಾಲಿಯೇಟಿವ್ ಕೇರ್ ಅನ್ನುತ್ತಾರೆ. ಕೇರಳ 2008ರಲ್ಲೇ ಪಾಲಿಯೇಟಿವ್ ಕೇರ್‌ಗೆ ಒಂದು ನೀತಿ ಮಾಡಿತು. ಅಲ್ಲಿ ಪಂಚಾಯಿತಿ ಕಡೆಯಿಂದಲೇ ನರ್ಸ್ ಮನೆಗೆ ಹೋಗುತ್ತಾರೆ. ನಮ್ಮ ಬೆಂಗಳೂರಿನ ಕರುಣಾಶ್ರಯದವರು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ 1990ರ ದಶಕದಿಂದ ಉಚಿತವಾಗಿ ಆರೈಕೆ ಕೊಡುತ್ತಿದ್ದಾರೆ. ಕೇಂದ್ರದ ಪಾಲಿಯೇಟಿವ್ ಕೇರ್ ಕಾರ್ಯಕ್ರಮ 2012ರಷ್ಟು ಹಳೆಯದು. ವಿಶ್ವ ಆರೋಗ್ಯ ಸಂಸ್ಥೆ ಪಾಲಿಯೇಟಿವ್ ಕೇರ್ ಅಂದರೆ ಏನು ಅಂತ ಹೇಳುವಾಗ ಮನೆಯವರನ್ನೂ ಸೇರಿಸಿಯೇ ಹೇಳಿದೆ, ರೋಗಿ ಹೋದ ಮೇಲೆ ಅವರ ದುಃಖಕ್ಕೆ ಆಸರೆ ಕೊಡುವುದನ್ನೂ. ನಮ್ಮಲ್ಲೂ ಕಟ್ಟಡಗಳಿಗೆ ಕೊರತೆ ಇಲ್ಲ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಇದೆ, ಜಿಮ್ಸ್ ಇದೆ. ಬೀದರ್‌ನಲ್ಲಿ ಬ್ರಿಮ್ಸ್ ಇದೆ, ಯಾದಗಿರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗಕ್ಕೆ ಅಂತಲೇ ಅಭಿವೃದ್ಧಿ ಮಂಡಳಿಯ ಹಣವೂ ಬರುತ್ತದೆ. ಆ ಹಣದಲ್ಲಿ ಇನ್ನೊಂದು ಸಮುದಾಯ ಭವನ ಕಟ್ಟುವ ಮುಂಚೆ ತಾಲ್ಲೂಕಿಗೊಂದು ಜೀಪು, ಇಬ್ಬರು ನರ್ಸ್ ಬಗ್ಗೆ ಯೋಚಿಸಿ.

ಮಾರ್ಫಿನ್ ಮಾತೂ ಬರಲೇಬೇಕು. ಮೂಳೆಯ ನೋವು ಜೋರಾದಾಗ ಬೇಕಾಗುವ ಗುಳಿಗೆ ಅದು, ದುಬಾರಿಯೂ ಅಲ್ಲ. ಅದು ನಶೆಯ ಔಷಧ, ಕೊಟ್ಟರೆ ಚಟ ಹತ್ತುತ್ತದೆ ಅಂತ ಹೆದರಿಸುವವರು ಜಾಸ್ತಿ. ಕ್ಯಾನ್ಸರ್ ನೋವಿಗೆ ವೈದ್ಯರು ಅಳತೆಯಲ್ಲಿ ಕೊಟ್ಟರೆ ಹಾಗೆ ಹೆದರಬೇಕಿಲ್ಲ. 2014ರಲ್ಲಿ ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು, ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದನ್ನು ಸುಲಭ ಮಾಡಿದ್ದಾರೆ. ಆದರೂ ಒಂದು ಸ್ಟ್ರಿಪ್ ಗುಳಿಗೆಗಾಗಿ ನಮ್ಮ ಮನೆಯವರು ರಜೆ ಹಾಕಿ ದೂರದ ಊರಿಗೆ ಹೋಗಿ ಬರಬೇಕು. ರಾತ್ರಿ ನೋವು ಹೆಚ್ಚಾದಾಗ ಮನೆಯವರು ಏನು ಮಾಡಬೇಕು? ಸುಮ್ನೆ ನೋಡುತ್ತಾ ಕೂರಬೇಕು. ಅಷ್ಟು ಹೊತ್ತು ಕೂತವರಿಗೆ ಅದು ಜನ್ಮದಲ್ಲಿ ಮರೆಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಈ ಗುಳಿಗೆ ಇಡಿ, ಬರೆಯಲು ಗೊತ್ತಿರುವ ಒಬ್ಬ ವೈದ್ಯರನ್ನು ತಯಾರು ಮಾಡಿ.

2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಗುಣವಾಗುವ ಆಸೆ ಇಲ್ಲದ ರೋಗಿಗೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ. ಯಂತ್ರಗಳನ್ನು ಬೇಡ ಅನ್ನುವ ದಾರಿ, ಮೊದಲೇ ಬರೆದಿಡುವ ದಾರಿ ಅದರಲ್ಲಿದೆ. ಒಳ್ಳೆಯ ಆದೇಶ. ಅದನ್ನು ನಮ್ಮ ಪಡಸಾಲೆಯಲ್ಲಿ ಕೂತು ಮಾವನವರಿಗೆ, ಅತ್ತೆಗೆ ಅವರ ಮಾತಿನಲ್ಲಿ ತಿಳಿಸುವವರು ಯಾರು? ಮಾವನವರಂತೂ ಆಗಲೇ ಹೇಳಿಬಿಟ್ಟಿದ್ದಾರೆ, "ನನ್ನ ಮೂಗಿನ್ಯಾಗ ನಳಿ ಹಾಕಬ್ಯಾಡ್ರಿ" ಅಂತ. ಆ ಮಾತಿಗೆ ಆಸ್ಪತ್ರೆಯಲ್ಲಿ ಬೆಲೆ ಬರಬೇಕಾದರೆ ಏನು ಬರೆಯಬೇಕು, ಯಾರ ಮುಂದೆ ಬರೆಯಬೇಕು ಅನ್ನೋದನ್ನು ಹಳ್ಳಿಯವರು ಎಲ್ಲಿ ಕೇಳಬೇಕು?

ಸೈನಿಕ ಕಲ್ಯಾಣದವರಲ್ಲಿ ಬೇರೆ ವಿನಂತಿ. ನಿಮ್ಮ ಹತ್ತಿರ ಮಾಜಿ ಸೈನಿಕರ ಪಟ್ಟಿ ಇದೆ. ದೊಡ್ಡ ಕಾಯಿಲೆಯಲ್ಲಿ ಇರುವವರು ಯಾರು ಅಂತ ಆ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ಅವರ ಮನೆಗೆ ನಿಮ್ಮ ಕಡೆಯಿಂದ ಒಬ್ಬರು ಹೋಗಿ, ಹೆಂಡತಿಯ ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆ ಹೊಂದುತ್ತದಾ ನೋಡಿ ಅಲ್ಲೇ ಅರ್ಜಿ ಬರೆಸಿಕೊಳ್ಳಲಿ. ಹೊರಗಿನವರು ರೂಢಿಯ ಕೆಲಸದ ಹಾಗೆ ಕೇಳಿದರೆ ಅದು ಸಾವಿನ ಮಾತಾಗುವುದಿಲ್ಲ. ನವೆಂಬರ್‌ನ ಲೈಫ್ ಸರ್ಟಿಫಿಕೇಟ್‌ಗೂ ಅವರೇ ಬಂದರೆ ಪುಣ್ಯ ಬರುತ್ತದೆ. ಕಳೆದ ಸಲ ಸ್ಟೀರಾಯ್ಡ್‌ನಿಂದ ಊದಿದ ಮುಖವನ್ನು ಫೋನ್ ಎಷ್ಟು ಹೊತ್ತಾದರೂ ಗುರುತು ಹಿಡಿಯಲಿಲ್ಲ. "ನಾ ಜಿಂದಾ ಅದೀನಪ್ಪಾ" ಅಂತ ಮಾವನವರು ಫೋನಿಗೇ ಹೇಳಿದರು. ಎಲ್ಲರೂ ನಕ್ಕೆವು, ಅತ್ತೆಯೂ.

ಇನ್ನೊಂದೆರಡು ಬೇಡಿಕೆ ಉಳಿದಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ಹಾಸಿಗೆ ಇಂಥ ರೋಗಿಗಳಿಗೆ ಅಂತ ಇಡಿ. ತಿಂಗಳಲ್ಲಿ ಮೂರು ನಾಲ್ಕು ದಿನ ಅವರನ್ನು ಅಲ್ಲಿ ನೋಡಿಕೊಂಡರೆ ಮನೆಯವರು ಮಲಗುತ್ತಾರೆ, ತಮ್ಮ ಬಿಪಿ ತೋರಿಸಿಕೊಳ್ಳುತ್ತಾರೆ, ಮಗುವಿನ ಶಾಲೆಗೆ ಹೋಗಿ ಬರುತ್ತಾರೆ. ರೋಗಿ ತೀರಿಕೊಂಡ ಮೇಲೂ, ಹದಿನೈದು ದಿನ ಬಿಟ್ಟು ಒಬ್ಬರು ಬಂದು ಆ ಹೆಂಗಸನ್ನು ಊಟ ಮಾಡಿದಿಯಾ, ನಿದ್ದೆ ಬರುತ್ತದಾ ಅಂತ ಕೇಳಲಿ. ಶಾಲು ಹೊದಿಸಲು ಬರುವವರು ಬಹಳ ಜನ ಇರುತ್ತಾರೆ, ಅದನ್ನು ಬೇಡ ಅನ್ನುವುದಿಲ್ಲ. ಆದರೆ ಅದರ ಜೊತೆಗೆ ಇದೂ ಇರಲಿ.

ಮುಂದಿನ ಬಜೆಟ್‌ಗೆ ಮುಂಚೆ ಮೂರೂ ಇಲಾಖೆ ಸೇರಿ ಒಂದು ಸಭೆ ಕರೆಯಿರಿ. ಅಧಿಕಾರಿಗಳು, ವೈದ್ಯರು, ಮಾಜಿ ಸೈನಿಕರ ಸಂಘದವರ ಜೊತೆ, ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಹೆಂಗಸರನ್ನೂ ಕರೆಯಿರಿ. ಸಭೆ ಮಧ್ಯಾಹ್ನ ಇಡಿ, ಬೆಳಿಗ್ಗೆ ಸ್ನಾನ ಮಾಡಿಸಿ ಗಂಜಿ ಕುಡಿಸದೆ ನಮಗೆ ಹೊರಡೋಕಾಗಲ್ಲ. ಮತ್ತೆ ಸಂಜೆ ಐದರ ಬಸ್ಸಿಗೆ ಬಿಟ್ಟುಬಿಡಿ.

ಇಂತಿ,
ಒಬ್ಬ ಮಾಜಿ ಹವಾಲ್ದಾರರ ಸೊಸೆ
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ